ತಲೆಕೆಳಗಾದ ತೊಟ್ಟಿಲು

ಸಂಜೆ ಅರಳಿ ಮರದ ಕೆಳಗೆ ನಿಂತು ಬಾವಲಿಗಳನ್ನು ನೋಡುತ್ತಿದ್ದೆ. ಸಾಧಾರಣ ಬಾವಲಿಯಲ್ಲ, ಒಂದು ಮೀಟರಿಗೂ ಮೀರಿ ರೆಕ್ಕೆ ಬಿಚ್ಚುವ, ಹಣ್ಣು ತಿನ್ನುವ ದೊಡ್ಡ ಬಾವಲಿ. ಒಂದು ತಾಯಿಯ ಎದೆಗೆ ಮರಿ ಅಂಟಿಕೊಂಡಿತ್ತು. ಅವಳು ರೆಕ್ಕೆಯನ್ನು ಚಾದರದಂತೆ ಸರಿಸಿ ಅದರ ನೆತ್ತಿ ನೆಕ್ಕಿದಳು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಮೊದಲ ಕೆಲವು ವಾರ ಅದನ್ನು ಹೊತ್ತುಕೊಂಡೇ ಹಾರುತ್ತಾಳೆ.

ಯಾಕೋ ಮೆಡಿಟರೇನಿಯನ್ ಕಡಲಿನ ಸಾಮಾನ್ಯ ಆಕ್ಟೋಪಸ್ ನೆನಪಾಯಿತು. ಮೂರು ಹೃದಯ, ನೀಲಿ ರಕ್ತ, ನರಕೋಶಗಳ ಬಹುಪಾಲು ಎಂಟು ತೋಳುಗಳಲ್ಲೇ. ಆ ತಾಯಿ ಲಕ್ಷಕ್ಕೂ ಹೆಚ್ಚು ಮೊಟ್ಟೆಗಳನ್ನು ಮಾಲೆ ಕಟ್ಟಿದಂತೆ ಗುಹೆಯ ಸೂರಿಗೆ ತೂಗುಬಿಡುತ್ತಾಳೆ. ವಾರಗಟ್ಟಲೆ ಊಟ ಬಿಟ್ಟು, ಹೀರುಬಟ್ಟಲುಗಳಿಂದ ಸವರಿ, ತಾಜಾ ನೀರು ಊದುತ್ತಾ ಕಾಯುತ್ತಾಳೆ. ಮರಿಗಳು ಹೊರಬಂದ ಮೇಲೆ ಸಾಯುತ್ತಾಳೆ. ಬದುಕೇ ಒಂದೆರಡು ವರ್ಷ! ಸೆರೆಯಲ್ಲಿದ್ದ ದೊಡ್ಡ ಬಾವಲಿ ಮೂವತ್ತು ವರ್ಷ ದಾಟಿದ್ದುಂಟು.

ಬುದ್ಧಿಯಲ್ಲಿ ಯಾರು ಮೇಲು ಎಂದು ತೂಗುವ ಮನಸ್ಸು ನನಗಿಲ್ಲ. ಆದರೆ ಮಕ್ಕಳ ಮುಖವನ್ನೇ ಅರಿಯದ ಆ ಕಡಲ ತಾಯಿಯ ಬಗ್ಗೆ ಸಂಕಟವಾಗುತ್ತದೆ.

ಕತ್ತಲಾಯಿತು. ಬಾವಲಿ ಕೊಂಬೆ ಬಿಟ್ಟಳು. ಮರಿ ಎದೆಯಲ್ಲೇ ಇತ್ತು.