ಅಮ್ಮನ ಮನೆ ಹಳೇ ವಾಷಿಂಗ್ ಮೆಷಿನ್, ಬೋರ್ಡ್ ರಿಪೇರಿ ಎಲ್ಲೀವರೆಗೆ ಬಂತು

ಮೈಸೂರಲ್ಲಿ ಅಮ್ಮನ ಮನೇಲಿ ಇರೋದು 2009ರಲ್ಲಿ ತಗೊಂಡ ಫ್ರಂಟ್ ಲೋಡ್ ಮೆಷಿನ್. ಕೆಲವು ತಿಂಗಳಿಂದ ಅದಕ್ಕೆ ಒಂದು ವಿಚಿತ್ರ ಕಾಯಿಲೆ, ಬಟ್ಟೆ ಹಾಕಿ ಆನ್ ಮಾಡಿದ್ರೆ ನೀರು ತಗೊಳತ್ತೆ, ಡ್ರಮ್ ತಿರುಗತ್ತೆ, ಸ್ವಲ್ಪ ಹೊತ್ತಾದ್ಮೇಲೆ ಲೈಟೆಲ್ಲ ಒಟ್ಟಿಗೆ ಆರೋಗಿ ಒಳಗಿಂದ ಟಿಕ್ ಟಿಕ್ ಅಂತ ಸದ್ದು, ಮತ್ತೆ ಲೈಟ್ ಬರತ್ತೆ, ಮತ್ತೆ ಆರತ್ತೆ, ಸ್ವಿಚ್ ಆಫ್ ಮಾಡೋವರೆಗೂ ಇದೇ ಕಥೆ. ನೋಡೋಕೆ ಬಂದ ಮೆಕ್ಯಾನಿಕ್ ಬೋರ್ಡ್ (ಮೆಷಿನ್ನನ್ನ ನಡೆಸೋ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹೋಗಿದೆ, ಈ ಮಾಡೆಲ್‌ಗೆ ಈಗ ಬೋರ್ಡ್ ಬರಲ್ಲ, ಹೊಸ ಮೆಷಿನ್ನೇ ತಗೊಳಿ ಅಂದ್ರು. ಡ್ರಮ್ ಚೆನ್ನಾಗಿದೆ, ಬೇರಿಂಗ್ ಸದ್ದಿಲ್ಲ, ಮೋಟರ್ ಗಟ್ಟಿ ಇದೆ, ಇಷ್ಟೆಲ್ಲ ಇರೋ ಮೆಷಿನ್ನನ್ನ ಗುಜರಿಗೆ ಹಾಕೋಕೆ ನಂಗೆ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಕೈ ಹಾಕಿದೀನಿ, ಏನೇನು ನೋಡಿದೆ ಏನು ಸಿಕ್ತು ಅಂತ ಬರೆದಿಡ್ತೀನಿ, ಇದೇ ಥರ ಹಳೇ ಮೆಷಿನ್ ಇಟ್ಕೊಂಡಿರೋರಿಗೆ ಉಪಯೋಗ ಆಗಬಹುದು.

ಸ್ಕ್ರೂ ಬಿಚ್ಚೋಕೆ ಮುಂಚೆ ಅಮ್ಮನ್ನ ಕೂರಿಸ್ಕೊಂಡು ಯಾವಾಗ್ಯಾವಾಗ ಹೀಗಾಗತ್ತೆ ಅಂತ ಕೇಳ್ದೆ. "ತಣ್ಣೀರಲ್ಲಿ ಹಾಕಿದ್ರೆ ಏನೂ ಆಗಲ್ಲ ಕಣೋ, ಬೆಡ್‌ಶೀಟಿಗೆ ಬಿಸಿನೀರು ಇಟ್ಟಾಗ ಮಾತ್ರ. ಅದೂ ಈ ಕಡೆ ತಿರುಗೋವಾಗ ಸರಿಯಾಗೇ ಇರತ್ತೆ, ಆ ಕಡೆ ತಿರುಗೋಕೆ ಹೋದ ತಕ್ಷಣ ನಿಂತೋಗತ್ತೆ" ಅಂದ್ರು. ಈ ರಿಪೇರಿಯಲ್ಲಿ ನಂಗೆ ಸಿಕ್ಕ ಅತ್ಯಂತ ಬೆಲೆಬಾಳೋ ಮಾಹಿತಿ ಇದೇ, ಯಾವ ಮೀಟರೂ ಇಷ್ಟು ಸ್ಪಷ್ಟವಾಗಿ ಹೇಳಿರಲ್ಲ. ದಿನಾ ಬಳಸೋರನ್ನ ಕೇಳದೆ ನೇರ ಬೋರ್ಡ್ ಬಿಚ್ಚೋರು ಅರ್ಧ ಕೆಲಸ ಬಿಟ್ಟಂಗೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಪ್ಲಗ್ ಕಿತ್ತು ಬೋರ್ಡ್ ಆಚೆ ಇರೋದನ್ನೆಲ್ಲ ಮಲ್ಟಿಮೀಟರಲ್ಲಿ ನೋಡ್ದೆ. ಹೀಟರ್ 2000 ವ್ಯಾಟ್, 230 ವೋಲ್ಟ್‌ಗೆ ಲೆಕ್ಕ ಹಾಕಿದ್ರೆ 26.5 ಓಮ್ ಬರಬೇಕು, 27 ಬಂತು. ನೀರಿನ ವಾಲ್ವ್ ಕಾಯಿಲ್ ಸುಮಾರು 4 ಸಾವಿರ ಓಮ್, ಪಂಪ್ ಕಾಯಿಲ್ ಸರಿ, ಮೋಟರಿನ ಕಾರ್ಬನ್ ಬ್ರಷ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಹೀಟರಿಂದ ಬಾಡಿಗೆ ಲೀಕ್ ಇಲ್ಲ, ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಮನೆ ಇಎಲ್‌ಸಿಬಿನೂ ಯಾವತ್ತೂ ಟ್ರಿಪ್ ಆಗಿಲ್ಲ. ಸೋ ಬೋರ್ಡೇ.

ಇಲ್ಲಿ ಒಂದು ಮಾತು ದಯವಿಟ್ಟು ಗಮನ ಇಟ್ಟು ಓದಿ. ಇಂಥ ಮೆಷಿನ್ ಬೋರ್ಡ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಮೇನ್ಸಿಂದ (ಮನೆಯ 230 ವೋಲ್ಟ್ ಲೈನ್) ಬೇರ್ಪಡಿಸೋ ಟ್ರಾನ್ಸ್‌ಫಾರ್ಮರ್ ಇರಲ್ಲ, 5 ವೋಲ್ಟ್ 12 ವೋಲ್ಟ್ ಅಂತ ಬರೆದಿರೋ ಜಾಗನೂ ನೇರ ಮೇನ್ಸ್‌ಗೆ ಸೇರ್ಕೊಂಡಿರತ್ತೆ. 5 ವೋಲ್ಟ್ ತಾನೇ ಅಂತ ಬೆರಳಿಟ್ರೆ 230 ಹೊಡಿಯತ್ತೆ. ಆಸಿಲೋಸ್ಕೋಪಿನ (ವೋಲ್ಟೇಜ್ ಏರಿಳಿತನ ಸ್ಕ್ರೀನಲ್ಲಿ ತೋರಿಸೋ ಉಪಕರಣ) ಗ್ರೌಂಡ್ ಕ್ಲಿಪ್ ಹಾಕೋಕೆ ಹೋಗ್ಲೇಬೇಡಿ, ಬ್ಯಾಟರಿ ಮೇಲೆ ನಡೆಯೋ ಮಲ್ಟಿಮೀಟರ್ ಸಾಕು, ಪ್ರೋಬನ್ನ ಕರೆಂಟ್ ಇಲ್ಲದಾಗ ಕ್ಲಿಪ್ ಮಾಡಿ ಆಮೇಲೆ ಆನ್ ಮಾಡಿ ದೂರ ನಿಂತು ಓದಿ. ಪ್ಲಗ್ ಕಿತ್ತ ಮೇಲೂ ಮೇನ್ಸ್ ಕಡೆ ಕೆಪ್ಯಾಸಿಟರಲ್ಲಿ (ಚಾರ್ಜ್ ತುಂಬಿಟ್ಕೊಳೋ ಪಾರ್ಟ್) 325 ವೋಲ್ಟ್ ಡಿಸಿ ಸ್ವಲ್ಪ ಹೊತ್ತು ಉಳಿದಿರತ್ತೆ, ರೆಸಿಸ್ಟರ್ ಇಟ್ಟು ಖಾಲಿ ಮಾಡಿ, ಮೀಟರಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ.

ಬೋರ್ಡ್ ಆಚೆ ಬಂತು. ವೈರೆಲ್ಲ ಬಿಚ್ಚೋಕೆ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತೆಗ್ದಿಟ್ಕೊಂಡೆ. ಅದೃಷ್ಟಕ್ಕೆ ಇದಕ್ಕೆ ರೆಸಿನ್ ಸುರಿದಿಲ್ಲ, ಈಗಿನ ಎಷ್ಟೋ ಟಾಪ್ ಲೋಡ್ ಬೋರ್ಡ್‌ಗಳು ಅಂಟಲ್ಲಿ ಮುಳುಗಿರೋದ್ರಿಂದ ಒಂದು ಪಾರ್ಟ್ ನೋಡೋಕೂ ಕೆರೆದು ಕೆರೆದು ಸಾಕಾಗತ್ತೆ. ಮೇಲೆ ಮೂರು ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ರೆ ಟಿಕ್ ಅಂತ ಎಳೆಯೋ ಸ್ವಿಚ್), ಒಂದು ಹೀಟರಿಗೆ, ಇನ್ನೆರಡು ಮೋಟರನ್ನ ಉಲ್ಟಾ ತಿರುಗಿಸೋಕೆ. ವಾಲ್ವಿಗೆ ಪಂಪಿಗೆಲ್ಲ ಸಣ್ಣ ಟ್ರಯಾಕ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್), ಮೋಟರ್ ಸ್ಪೀಡಿಗೆ ದೊಡ್ಡ ಟ್ರಯಾಕ್. ಪವರ್ ಸಪ್ಲೈಗೆ ಎಲ್‌ಎನ್‌ಕೆ304 ಅನ್ನೋ ಐಸಿ, ಎಂಟು ಕಾಲಿನ ಜಾಗದಲ್ಲಿ ಏಳೇ ಕಾಲು ಇರತ್ತೆ, ನೋಡಿದ್ರೆ ಗೊತ್ತಾಗತ್ತೆ. ಅದು 12 ವೋಲ್ಟ್ ಮಾಡಿ ರಿಲೇಗಳಿಗೆ ಕೊಡತ್ತೆ, ಅದೇ 12ರಿಂದ ರೆಗ್ಯುಲೇಟರ್ ಮೂಲಕ ಪ್ರೊಸೆಸರಿಗೆ 5 ವೋಲ್ಟ್.

ಈ ಮೂರು ರಿಲೇ ನೋಡಿದ ಕೂಡಲೇ ಅಮ್ಮನ ಮಾತು ಪೂರ್ತಿ ಅರ್ಥ ಆಯ್ತು. ತಣ್ಣೀರಲ್ಲಿ ಡ್ರಮ್ ಈ ಕಡೆ ತಿರುಗೋವಾಗ ಯಾವ ರಿಲೇನೂ ಎಳೆದಿರಲ್ಲ. ಆ ಕಡೆ ತಿರುಗಿದ್ರೆ ಎರಡು. ಬಿಸಿನೀರು ಇಟ್ಟು ಈ ಕಡೆ ತಿರುಗಿದ್ರೆ ಒಂದೇ. ಬಿಸಿನೀರು ಮತ್ತೆ ಆ ಕಡೆ, ಎರಡೂ ಸೇರಿದಾಗ ಮಾತ್ರ ಮೂರೂ ಒಟ್ಟಿಗೆ ಎಳೀತವೆ. ರಿಲೇ ಕಾಯಿಲ್ 400 ಓಮ್, ಅಂದ್ರೆ ಒಂದಕ್ಕೆ 30 ಮಿಲಿಆಂಪ್, ಮೂರಕ್ಕೆ 90, ಪ್ರೊಸೆಸರ್ ಲೈಟುಗಳಿಗೆ ಒಂದು 20. ಈ ಐಸಿ ಡಿಸೈನ್ ನೋಡ್ಕೊಂಡು 120ರಿಂದ 170ರವರೆಗೆ ಕೊಡಬಲ್ಲದು, ಹಾಗಾಗಿ 110 ಅದಕ್ಕೆ ಭಾರ ಆಗಬಾರದು, ಆದ್ರೂ ಆಗ್ತಿದೆ.

ಬರೀ ಬೋರ್ಡ್‌ಗೆ ಕರೆಂಟ್ ಕೊಟ್ಟು ಅಳೆದ್ರೆ 12.1 ವೋಲ್ಟ್, 5.0 ವೋಲ್ಟ್, ಎಲ್ಲ ಪರ್ಫೆಕ್ಟ್. ಇಷ್ಟು ನೋಡಿ ಸಪ್ಲೈ ಓಕೆ, ಪ್ರೊಸೆಸರ್ ಹೋಗಿದೆ ಅಂತ ತೀರ್ಮಾನಕ್ಕೆ ಬಂದುಬಿಡ್ತಾರೆ, ಎಷ್ಟೋ ಒಳ್ಳೇ ಬೋರ್ಡ್‌ಗಳು ಹೀಗೇ ಕಸಕ್ಕೆ ಹೋಗೋದು. ಕೆಲಸ ಮಾಡದೆ ಸುಮ್ನೆ ಇರೋವಾಗ ಅಳೆದ ವೋಲ್ಟೇಜಿಗೆ ಅರ್ಥ ಇಲ್ಲ, ಭಾರ ಹಾಕಿ ನೋಡಬೇಕು.

ಭಾರ ಹಾಕೋಕೆ ಮೆಷಿನ್ ಓಡಿಸ್ಲೇಬೇಕು ಅಂತಿಲ್ಲ. ಬೋರ್ಡನ್ನ ಮರದ ಟೇಬಲ್ ಮೇಲಿಟ್ಟು, ಮೇನ್ಸ್ ಲೈನಿಗೆ 60 ವ್ಯಾಟ್ ಹಳೇ ಫಿಲಮೆಂಟ್ ಬಲ್ಬ್ ಸೀರೀಸಲ್ಲಿ ಹಾಕ್ದೆ, ಎಲ್ಲಾದ್ರೂ ಶಾರ್ಟ್ ಇದ್ರೆ ಬಲ್ಬ್ ಉರಿಯತ್ತೆ ಅಷ್ಟೇ, ಬೋರ್ಡ್ ಸುಡಲ್ಲ. ಒಂದೊಂದು ರಿಲೇ ಬದಲಿಗೆ 390 ಓಮ್ 1 ವ್ಯಾಟ್ ರೆಸಿಸ್ಟರ್ 12 ವೋಲ್ಟ್ ಗೆರೆಗೆ, ಪ್ರತಿಸಲ ಪ್ಲಗ್ ಕಿತ್ತು, ಖಾಲಿ ಮಾಡಿ, ಕ್ಲಿಪ್ ಹಾಕಿ, ಮತ್ತೆ ಆನ್. ಒಂದು ಹಾಕಿದಾಗ 11.8. ಎರಡಕ್ಕೆ 10.4, ಆದ್ರೆ ನಂಬರ್ ಅಲ್ಲಾಡ್ತಾ ಇತ್ತು. ಮೂರನೇದು ಹಾಕಿದ ತಕ್ಷಣ 6ರ ಆಸುಪಾಸಿಗೆ ಕುಸೀತು, ಪ್ಯಾನೆಲ್ ಲೈಟ್ ಆರಿ ಹತ್ತಿ ಆರಿ ಹತ್ತಿ, ಥೇಟ್ ಅಮ್ಮನ ಮನೆ ಕಾಯಿಲೆ! ಟೇಬಲ್ ಮೇಲೆ ಅದನ್ನ ನೋಡಿದಾಗ ಆದ ಖುಷಿ ಹೇಳೋಕಾಗಲ್ಲ. 5 ವೋಲ್ಟ್ ರೆಗ್ಯುಲೇಟರಿಗೆ ಕನಿಷ್ಠ 7 ವೋಲ್ಟ್ ಆದ್ರೂ ಬೇಕು, ಅದಕ್ಕಿಂತ ಕೆಳಗೆ ಹೋದ್ರೆ ಪ್ರೊಸೆಸರ್ ರೀಸೆಟ್, ರೀಸೆಟ್ ಆದ್ರೆ ರಿಲೇ ಬಿಡತ್ತೆ, ಭಾರ ಇಳಿದು ವೋಲ್ಟೇಜ್ ಮೇಲೆ ಬರತ್ತೆ, ಪ್ರೊಸೆಸರ್ ಎದ್ದು ಮೆಮೊರಿ ನೋಡಿ ನಿಂತ ಜಾಗದಿಂದ್ಲೇ ಶುರು ಮಾಡತ್ತೆ, ಮತ್ತೆ ಮೂರು ರಿಲೇ, ಮತ್ತೆ ಕುಸಿತ. ಟಿಕ್ ಟಿಕ್ ಬರ್ತಿದ್ದಿದ್ದು ಇಲ್ಲಿಂದ.

ಅಪರಾಧಿ ಮೇನ್ಸ್ ಕಡೆ ಇರೋ ಸಣ್ಣ ಕೆಪ್ಯಾಸಿಟರ್, 4.7 ಮೈಕ್ರೋಫ್ಯಾರಡ್ 400 ವೋಲ್ಟ್. ಬಿಚ್ಚಿ ಕಾಂಪೊನೆಂಟ್ ಟೆಸ್ಟರಿಗೆ ಹಾಕಿದ್ರೆ 0.5 ತೋರಿಸ್ತು. ಮೇಲೆ ಉಬ್ಬಿಲ್ಲ, ಸೋರಿಲ್ಲ, ಕಣ್ಣಿಗೆ ಹೊಸದರ ಥರಾನೇ ಇದೆ, ಒಳಗೆ ಮಾತ್ರ ಒಣಗಿದೆ. ಸಪ್ಲೈ ಒಂದೇ ಡಯೋಡಿಂದ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಪಾರ್ಟ್) ನಡೆಯೋದ್ರಿಂದ 20 ಮಿಲಿಸೆಕೆಂಡಿಗೆ ಒಂದೇ ಸಲ ಚಾರ್ಜ್ ಆಗತ್ತೆ, ಮಧ್ಯದ ಹೊತ್ತೆಲ್ಲ ಈ ಕೆಪ್ಯಾಸಿಟರಲ್ಲಿ ತುಂಬಿಟ್ಟಿದ್ದರಲ್ಲೇ ಕಾಲ ಹಾಕಬೇಕು. ಲೆಕ್ಕ ಮಾಡ್ದೆ, 0.5 ಮೈಕ್ರೋಫ್ಯಾರಡ್ 325 ವೋಲ್ಟಲ್ಲಿ ಹಿಡಿಯೋದು ಸುಮಾರು 26 ಮಿಲಿಜೂಲ್. ಮೂರು ರಿಲೇ ಎಳೆದಾಗ ಐಸಿ ನಷ್ಟನೂ ಸೇರಿಸಿ ಸುಮಾರು 1.9 ವ್ಯಾಟ್, 20 ಮಿಲಿಸೆಕೆಂಡಿಗೆ 38 ಮಿಲಿಜೂಲ್ ಬೇಕು. ಎರಡು ರಿಲೇಗೆ 27, ಅಂಚಲ್ಲಿದೆ, ಅದಕ್ಕೇ ನಂಬರ್ ಅಲ್ಲಾಡಿದ್ದು. ಹೊಸ 4.7 ಇದ್ರೆ 248 ಮಿಲಿಜೂಲ್ ಇರತ್ತೆ, ಕೇಳೋದೇ ಬೇಡ. ಕಾಗದದ ಮೇಲಿನ ಲೆಕ್ಕ ಮೀಟರಿನ ಜೊತೆ ಇಷ್ಟು ಚೆನ್ನಾಗಿ ಕೂತ್ಕೊಂಡಿದ್ದು ನಂಗೆ ಬಹಳ ಇಷ್ಟ ಆಯ್ತು.

ಇದು ಯಾಕೆ ಒಣಗ್ತು ಅಂದ್ರೆ, ಪಕ್ಕದಲ್ಲೇ ಅಂಟ್ಕೊಂಡಂಗೆ ಬಿಸಿಯಾಗೋ ಫ್ಯೂಸಿಬಲ್ ರೆಸಿಸ್ಟರ್ (ಫ್ಯೂಸಿನ ಕೆಲಸನೂ ಮಾಡೋ ರೆಸಿಸ್ಟರ್) ಇಟ್ಟಿದಾರೆ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಬಿಸಿ 10 ಡಿಗ್ರಿ ಕಮ್ಮಿ ಆದ್ರೆ ಆಯಸ್ಸು ಹೆಚ್ಚುಕಮ್ಮಿ ಡಬಲ್ ಆಗತ್ತೆ, ಜಾಸ್ತಿ ಆದ್ರೆ ಅರ್ಧ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಸಾಮಾನು ತಂದೆ. 400 ಬದಲು 450 ವೋಲ್ಟಿಂದು, 105 ಡಿಗ್ರಿದು ಕೇಳಿ ತಗೊಂಡೆ, ಯಾಕಂದ್ರೆ ಲೈನ್ ವೋಲ್ಟೇಜ್ 265ಕ್ಕೆ ಏರಿದ್ರೆ ಡಿಸಿ 375 ಮುಟ್ಟತ್ತೆ, 400 ತೀರಾ ಹತ್ರ ಆಯ್ತು. ಔಟ್‌ಪುಟ್ ಕಡೆಯ 470 ಮೈಕ್ರೋಫ್ಯಾರಡೂ ಸ್ವಲ್ಪ ಇಳಿದಿತ್ತು, ಅದನ್ನೂ ಬದಲಾಯಿಸ್ದೆ. ಎಲ್ಲ ಸೇರಿ ನೂರು ರೂಪಾಯಿ ಒಳಗೇ. ಹೊಸ ಕೆಪ್ಯಾಸಿಟರನ್ನ ರೆಸಿಸ್ಟರಿಂದ ದೂರ ಮಲಗಿಸಿ ನ್ಯೂಟ್ರಲ್ ಸಿಲಿಕಾನ್ ಹಾಕಿ ಕೂರಿಸಿದೀನಿ. ವಿನಿಗರ್ ವಾಸನೆ ಬರೋ ಸಿಲಿಕಾನ್ ಬೋರ್ಡಿಗೆ ಬೇಡ, ತಾಮ್ರ ತಿಂದುಹಾಕತ್ತೆ. ಬೋರ್ಡ್ ಹಿಂದೆ ತಿರುಗಿಸಿದಾಗ ಹೀಟರ್ ರಿಲೇ ಕಾಲಿನ ಸುತ್ತ ಕೂದಲಷ್ಟು ಸಣ್ಣ ಉಂಗುರದ ಬಿರುಕು ಕಾಣ್ತು, ಡ್ರೈ ಸೋಲ್ಡರ್, ಅಂದ್ರೆ ಬೆಸುಗೆ ಬಿಟ್ಟಿದೆ. 8.7 ಆಂಪ್ ಹರಿಯೋ ಜಾಗ ಅದು, ಇವತ್ತಲ್ಲ ನಾಳೆ ಸುಡ್ತಿತ್ತು. ಹಳೇ ಸೋಲ್ಡರ್ ಪೂರ್ತಿ ತೆಗೆದು ಫ್ಲಕ್ಸ್ ಹಾಕಿ ಹೊಸದಾಗಿ ಹಾಕ್ದೆ.

ಮೂರು ರೆಸಿಸ್ಟರ್ ಹಾಕಿ ಮತ್ತೆ ಟೆಸ್ಟ್, 11.9ರಲ್ಲಿ ಅಲ್ಲಾಡದೆ ನಿಂತಿದೆ. ಮೆಷಿನಿಗೆ ಹಾಕಿ ಮೊದಲು ತಣ್ಣೀರು, ಆಮೇಲೆ 60 ಡಿಗ್ರಿ ಕಾಟನ್ ಬಟ್ಟೆ ಇಲ್ಲದೆ, ಆಮೇಲೆ ಬೆಡ್‌ಶೀಟ್ ತುಂಬಿ. ಆ ಕಡೆ ಈ ಕಡೆ ಎರಡೂ ಕಡೆ ತಿರುಗಿ ಸ್ಪಿನ್‌ವರೆಗೂ ಮುಗಿಸ್ತು. ಈಗ ಕೆಲವು ವಾರದಿಂದ ಅಮ್ಮ ದಿನಾ ಬಳಸ್ತಿದಾರೆ, ಒಂದ್ಸಲನೂ ಆರಿಲ್ಲ.

ಉಳಿದಿರೋದು ಪ್ರೋಗ್ರಾಂ ಸೆಲೆಕ್ಟ್ ಮಾಡೋ ನಾಬ್. ಒಂದು ಹೆಜ್ಜೆ ತಿರುಗಿಸಿದ್ರೆ ಎರಡು ಹಾರತ್ತೆ, ಕೆಲವು ಸಲ ಹಿಂದಕ್ಕೇ ಹೋಗತ್ತೆ. ಅದರ ಹಿಂದೆ ಇರೋದು ರೋಟರಿ ಎನ್‌ಕೋಡರ್, ಎರಡು ಕಾಂಟ್ಯಾಕ್ಟ್ ಒಂದರ ಹಿಂದೆ ಒಂದು ಸೇರೋದನ್ನ ನೋಡಿ ಯಾವ ಕಡೆ ತಿರುಗ್ತು ಅಂತ ಪ್ರೊಸೆಸರ್ ಲೆಕ್ಕ ಹಾಕತ್ತೆ. ಮೀಟರಲ್ಲಿ ಒಂದು ಕಾಂಟ್ಯಾಕ್ಟ್ ಸೊನ್ನೆ ಹತ್ರ ಇದೆ, ಇನ್ನೊಂದು ತಿರುಗಿಸಿದಂಗೆಲ್ಲ ನೂರಾರು ಓಮ್ ತೋರಿಸ್ತಾ ಓಲಾಡತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಸ್ವಲ್ಪ ಸುಧಾರಿಸಿದೆ, ಪೂರ್ತಿ ಇಲ್ಲ. ಅಂಗಡಿಯಲ್ಲಿ ಸಿಗೋ ಎನ್‌ಕೋಡರಿನ ಶಾಫ್ಟ್ ಗಿಡ್ಡ, ನಾಬ್ ಮುಟ್ಟಲ್ಲ. ಉದ್ದ ಶಾಫ್ಟಿಂದು, ಒಂದು ಸುತ್ತಿಗೆ ಅಷ್ಟೇ ಹೆಜ್ಜೆ ಇರೋದು ಹುಡುಕ್ತಾ ಇದೀನಿ. ಅದು ಸಿಗೋವರೆಗೂ ನಾಬ್ ನಿಧಾನಕ್ಕೆ ತಿರುಗಿಸಿ, ಸರಿಯಾದ ಲೈಟ್ ಹತ್ತಿದೆಯಾ ನೋಡ್ಕೊಂಡು ಸ್ಟಾರ್ಟ್ ಒತ್ತಿ ಅಂತ ಅಮ್ಮನಿಗೆ ಹೇಳಿದೀನಿ.