ಸಿಗುವುದೇ ಅರ್ಧ ಗಂಟೆ ಅನ್ನುವವರಿಗೆ ಕಂಪ್ಯೂಟರ್ ಗೇಮ್

ವಾರದಲ್ಲಿ ಐದು ರಾತ್ರಿ ಊಟ ಆದಮೇಲೆ ಅರ್ಧರ್ಧ ಗಂಟೆ, ಭಾನುವಾರ ಎರಡು ಗಂಟೆ. ಕೆಲಸ, ಮನೆ, ಮಕ್ಕಳು ಎಲ್ಲ ಇರುವವರಿಗೆ ಗೇಮ್ ಆಡಲು ಸಿಗುವುದು ಹೆಚ್ಚೆಂದರೆ ಇಷ್ಟೇ. ಒಟ್ಟು ನಾಲ್ಕೂವರೆ ಗಂಟೆ. ಈ ಲೆಕ್ಕದಲ್ಲಿ 9 ಗಂಟೆಯ ಗೇಮ್ ಎರಡು ವಾರಕ್ಕೆ ಮುಗಿಯುತ್ತದೆ. 50 ಗಂಟೆಯದಕ್ಕೆ ಹನ್ನೊಂದು ವಾರ ಬೇಕು. 100 ಗಂಟೆಯದು ಐದು ತಿಂಗಳು ಹಿಡಿಯುತ್ತದೆ, ಅದೂ ನಡುವೆ ಹಬ್ಬ, ಮದುವೆ, ಜ್ವರ ಯಾವುದೂ ಬರದಿದ್ದರೆ.

ಗೇಮ್ ಕೊಳ್ಳುವಾಗ ಬಹಳ ಜನ ಹಾಕುವ ಲೆಕ್ಕ "ಗಂಟೆಗೆ ಎಷ್ಟು ರೂಪಾಯಿ ಬಿತ್ತು" ಅನ್ನುವುದು. ಸಮಯ ಇಲ್ಲದವರನ್ನು ಈ ಲೆಕ್ಕ ದಾರಿ ತಪ್ಪಿಸುತ್ತದೆ. 1,000 ರೂಪಾಯಿಯ 100 ಗಂಟೆಯ ಗೇಮ್ ಗಂಟೆಗೆ 10 ರೂಪಾಯಿ ಎಂದು ಕಾಣುತ್ತದೆ. 12 ಗಂಟೆ ಆಡಿ ಕೈಬಿಟ್ಟರೆ ಗಂಟೆಗೆ 83 ರೂಪಾಯಿ ಕೊಟ್ಟಂತಾಯಿತು, ಕಥೆ ಏನಾಯಿತು ಅಂತಲೂ ಗೊತ್ತಾಗಲಿಲ್ಲ. 250 ರೂಪಾಯಿಯ ನಾಲ್ಕು ಗಂಟೆಯ ಗೇಮ್ ಪೂರ್ತಿ ಮುಗಿಸಿದರೆ ಗಂಟೆಗೆ 62 ರೂಪಾಯಿ ಚಿಲ್ಲರೆ. ಆಡದೆ ಬಿಟ್ಟ ಗಂಟೆಗಳನ್ನು ಭಾಗಾಕಾರಕ್ಕೆ ಸೇರಿಸಬಾರದು.

ಹಾಗಾಗಿ ಬೆಲೆಗಿಂತ ಮೊದಲು ನೋಡಬೇಕಾದ್ದು ಬೇರೆ ಇದೆ: ಈ ಗೇಮನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಎದ್ದುಹೋಗಬಹುದೇ? ಕುಕ್ಕರ್ ಮೂರನೇ ಸಲ ಕೂಗಿದಾಗ, ಮಗು ಎದ್ದಾಗ, ಆಫೀಸಿನಿಂದ ಫೋನ್ ಬಂದಾಗ ಎಷ್ಟು ನಿಮಿಷದ ಆಟ ನಷ್ಟವಾಗುತ್ತದೆ? ಗೇಮ್ ಸೇವ್ ಆಗುವ ರೀತಿ ಒಂದೊಂದರಲ್ಲಿ ಒಂದೊಂದು ತರಹ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ನಿಮ್ಮ ಪಾತ್ರ ಹಾಸಿಗೆಗೆ ಹೋಗಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಅಲ್ಲಿನ ಒಂದು ದಿನ ಬೆಳಿಗ್ಗೆ 6ರಿಂದ ರಾತ್ರಿ 2ರವರೆಗೆ, ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಅಂದರೆ ಅತಿ ಹೆಚ್ಚೆಂದರೆ 14 ನಿಮಿಷದ ಆಟ ಹೋಗುತ್ತದೆ, ಅರ್ಧ ಗಂಟೆಗೆ ಎರಡು ದಿನ ಸಲೀಸಾಗಿ ಹಿಡಿಸುತ್ತವೆ. ಸ್ಲೇ ದ ಸ್ಪೈರ್‌ನಲ್ಲಿ ಕಾಳಗದ ನಡುವೆ ಸೇವ್ ಮಾಡಿ ಹೊರಬಂದರೆ ಮತ್ತೆ ತೆರೆದಾಗ ಅದೇ ಕಾಳಗದ ಆರಂಭಕ್ಕೆ ಬರುತ್ತೀರಿ, ನಾಲ್ಕೈದು ನಿಮಿಷ ಹೋದರೆ ಹೋಯಿತು. ಹೇಡೀಸ್‌ನಲ್ಲಿ ಆ ಕೋಣೆಯ ಬಾಗಿಲಿಗೆ ವಾಪಸು. ಹಾಲೋ ನೈಟ್ ಇವಕ್ಕಿಂತ ಕಠಿಣ: ಗಳಿಸಿದ್ದು ಉಳಿಯುತ್ತದೆ, ಆದರೆ ಮುಂದಿನ ಸಲ ನಿಮ್ಮ ಪಾತ್ರ ಕೊನೆಗೆ ಕೂತು ದಣಿವಾರಿಸಿಕೊಂಡ ಬೆಂಚಿನಿಂದಲೇ ಮತ್ತೆ ನಡೆದು ಬರಬೇಕು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಆ ನಡಿಗೆಗೇ ಹೋದೀತು. ಎಲ್ಡನ್ ರಿಂಗ್‌ನಲ್ಲಂತೂ ಆಟವನ್ನು ಇದ್ದಲ್ಲೇ ತಡೆದು ನಿಲ್ಲಿಸಲು ನೇರವಾಗಿ ಒತ್ತುವ ಬಟನ್ (pause) ಕೂಡ ಇಲ್ಲ. ಅದ್ಭುತ ಗೇಮ್ ಹೌದು, ತೊಟ್ಟಿಲ ಪಕ್ಕ ಕೂತು ಆಡುವಂಥದ್ದಲ್ಲ.

ಇದನ್ನೆಲ್ಲ ಕೊಳ್ಳುವ ಮೊದಲೇ ತಿಳಿಯಲು ದಾರಿ ಇದೆ. 2025ರಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಪುಟಗಳಲ್ಲಿ ಅಕ್ಸೆಸಿಬಿಲಿಟಿ ಎಂಬ ವಿಭಾಗ ಬಂದಿದೆ. ಅದರಲ್ಲಿ "ಸೇವ್ ಎನಿಟೈಮ್" ಎಂದಿದ್ದರೆ ಯಾವಾಗ ಬೇಕಾದರೂ ಸೇವ್ ಮಾಡಬಹುದು ಎಂದರ್ಥ. ಹುಡುಕುವಾಗಲೂ ಇದನ್ನು ಫಿಲ್ಟರ್ ಆಗಿ ಹಾಕಬಹುದು. ಗೇಮ್ ಮಾಡಿದವರು ತಾವೇ ತುಂಬಬೇಕಾದ ವಿವರ ಇದು, ಹಾಗಾಗಿ ಹಳೆಯ ಗೇಮುಗಳಲ್ಲಿ ಖಾಲಿ ಇರುವುದು ಸಾಮಾನ್ಯ. ಖಾಲಿ ಇದ್ದರೆ ಅದೇ ಗೇಮಿನ ಚರ್ಚೆಯ ಪುಟದಲ್ಲಿ "ಸೇವ್", "ಚೆಕ್‌ಪಾಯಿಂಟ್" (ಗೇಮ್ ತಾನೇ ಸೇವ್ ಮಾಡಿಕೊಳ್ಳುವ ಜಾಗ) ಎಂಬ ಇಂಗ್ಲಿಷ್ ಪದ ಹಾಕಿ ಹುಡುಕಿ. ನಿಮ್ಮ ಪ್ರಶ್ನೆಯನ್ನು ಯಾರೋ ಆಗಲೇ ಕೇಳಿರುತ್ತಾರೆ. ರಿವ್ಯೂಗಳನ್ನು ಆಡಿದ ಗಂಟೆಯ ಪ್ರಕಾರ ಸೋಸುವ ಸೌಲಭ್ಯವೂ ಇದೆ. ಕನಿಷ್ಠ ಹತ್ತು ಗಂಟೆ ಆಡಿ "ಬೇಡ" ಎಂದವರ ನಾಲ್ಕು ರಿವ್ಯೂ ಓದಿದರೆ ಹೊಗಳಿಕೆಯ ನಲವತ್ತು ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಗೇಮ್ ಎಷ್ಟು ಉದ್ದ ಅನ್ನುವುದಕ್ಕೆ ಹೌ ಲಾಂಗ್ ಟು ಬೀಟ್ ಎಂಬ ತಾಣ ನೋಡಿ. ಪ್ರತಿ ಗೇಮಿಗೂ ಬರೀ ಕಥೆ ಮುಗಿಸಲು, ಕಥೆಯ ಜೊತೆ ಅಡ್ಡ ಕೆಲಸಗಳಿಗೆ, ಎಲ್ಲವನ್ನೂ ಪೂರ್ತಿ ಮಾಡಲು ಎಂದು ಬೇರೆಬೇರೆ ಗಂಟೆ ಕೊಟ್ಟಿರುತ್ತದೆ. ಮೊದಲನೆಯದನ್ನು ಮಾತ್ರ ತಗೊಳ್ಳಿ, ಅದಕ್ಕೆ ಕಾಲು ಭಾಗ ಸೇರಿಸಿ. ಅಲ್ಲಿ ಗಂಟೆ ಬರೆಯುವವರು ಗೇಮ್ ಮುಗಿಸಿದವರು, ಬಹುಪಾಲು ಒಂದೇ ಪಟ್ಟಿಗೆ ಕೂತು ಆಡುವವರು. ಮೂರು ದಿನ ಬಿಟ್ಟು ಬಂದವರಿಗೆ "ಎಲ್ಲಿದ್ದೆ, ಯಾವ ಬಟನ್ ಏನು ಮಾಡುತ್ತಿತ್ತು" ಎಂದು ನೆನಪಿಸಿಕೊಳ್ಳಲೇ ಪ್ರತಿ ಸಲ ಐದು ನಿಮಿಷ ಬೇಕು. ಆ ಐದು ನಿಮಿಷ ಉಳಿಸಲು ಒಂದೇ ಉಪಾಯ: ಮುಚ್ಚುವ ಮೊದಲು ಒಂದು ಸಾಲು ಬರೆದಿಡುವುದು. "ಕೆಂಪು ಬಾಗಿಲು, ಬೀಗದ ಕೈ ಸಿಕ್ಕಿದೆ, ಹಡಗಿನ ಹತ್ತಿರ ಹೋಗಬೇಕು" ಅಂತ ಫೋನಿನ ನೋಟ್ಸ್‌ನಲ್ಲಿದ್ದರೆ ಸಾಕು.

ಈಗ ದುಡ್ಡಿನ ವಿಷಯ. ಸ್ಟೀಮ್ ಭಾರತದಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ತೋರಿಸುತ್ತದೆ, ಯುಪಿಐ ಕೂಡ ನಡೆಯುತ್ತದೆ. ಬೇಕಾದ ಗೇಮನ್ನು ಮೊದಲು ವಿಷ್‌ಲಿಸ್ಟಿಗೆ ಹಾಕಿ. ಬೆಲೆ ಇಳಿದಾಗ ಇಮೇಲ್ ಬರುತ್ತದೆ. ಇಳಿದ ಬೆಲೆ ನಿಜಕ್ಕೂ ಕಡಿಮೆಯೇ ಎಂದು ನೋಡಲು ಸ್ಟೀಮ್‌ಡಿಬಿ ತಾಣದಲ್ಲಿ ಭಾರತದ ಸಾಲು ನೋಡಿ. ಈವರೆಗಿನ ಅತಿ ಕಡಿಮೆ ಬೆಲೆ, ಅದು ಯಾವ ತಾರೀಖಿನಲ್ಲಿ ಇತ್ತು ಎಲ್ಲ ಅಲ್ಲಿದೆ. ಬೇರೆ ಅಂಗಡಿಗಳನ್ನೂ ಒಟ್ಟಿಗೆ ಹೋಲಿಸಬೇಕಾದರೆ ಈಸ್ ದೇರ್ ಎನಿ ಡೀಲ್ ಇದೆ. ಅದರ ಸೆಟ್ಟಿಂಗಿನಲ್ಲಿ ದೇಶ ಭಾರತ ಎಂದು ಇಟ್ಟರೆ ಮಾತ್ರ ನಮಗೆ ಅನ್ವಯಿಸುವ ಬೆಲೆ ಕಾಣುತ್ತದೆ. "ಇಷ್ಟಕ್ಕೆ ಇಳಿದರೆ ತಿಳಿಸು" ಅಂತ ಮೊತ್ತವನ್ನೂ ಹಾಕಿಡಬಹುದು.

ಸ್ಟೀಮಿನ ದೊಡ್ಡ ಸೇಲುಗಳಲ್ಲಿ ಜೂನ್ ಕೊನೆಯದ್ದೂ ಡಿಸೆಂಬರ್ ಕೊನೆಯದ್ದೂ ಮುಖ್ಯ. ಜೂನಿನದ್ದು ನಮ್ಮ ಸಮಯ ರಾತ್ರಿ 10:30ಕ್ಕೆ, ಡಿಸೆಂಬರಿನದ್ದು 11:30ಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ಎದ್ದು ಕೂರುವ ಅಗತ್ಯವಿಲ್ಲ. ದಿನಕ್ಕೊಂದು, ಗಂಟೆಗೊಂದು ಬೆಲೆ ಬದಲಾಗುತ್ತಿದ್ದ ಕಾಲ 2015ಕ್ಕೇ ಮುಗಿಯಿತು. ಈಗ ಸೇಲಿನ ಮೊದಲ ದಿನದ ಬೆಲೆಯೇ ಕೊನೆಯ ದಿನಕ್ಕೂ ಇರುತ್ತದೆ.

ರೀಫಂಡಿನ ನಿಯಮ ಸಮಯ ಇಲ್ಲದವರ ಪಾಲಿಗೆ ದೊಡ್ಡ ವರ, ಸರಿಯಾಗಿ ಬಳಸಿಕೊಂಡರೆ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಯೊಳಗೆ ಇದ್ದರೆ ಕಾರಣ ಏನೇ ಇರಲಿ ಹಣ ವಾಪಸು ಬರುತ್ತದೆ. ಬಂದ ದಾರಿಯಲ್ಲೇ ಬ್ಯಾಂಕಿಗೂ ಕೇಳಬಹುದು, ಸ್ಟೀಮ್ ವ್ಯಾಲೆಟ್‌ಗೂ ಹಾಕಿಸಿಕೊಳ್ಳಬಹುದು. ಜನ ಎಡವುವುದು ಎರಡು ಕಡೆ. ಒಂದು, ಸೇಲಿನಲ್ಲಿ ಐದು ಗೇಮ್ ಕೊಂಡು "ಆಮೇಲೆ ಆಡೋಣ" ಎಂದು ಇಟ್ಟುಬಿಡುವುದು. ಮೂರು ತಿಂಗಳಾದ ಮೇಲೆ ತೆರೆದಾಗ ಲ್ಯಾಪ್‌ಟಾಪಿನಲ್ಲಿ ಓಡದಿದ್ದರೂ ಹದಿನಾಲ್ಕು ದಿನ ಎಂದೋ ಕಳೆದಿರುತ್ತದೆ. ಎರಡು, ಆ ಎರಡು ಗಂಟೆ ಅಂದರೆ ಗೇಮ್ ತೆರೆದಿದ್ದ ಹೊತ್ತೆಲ್ಲ ಲೆಕ್ಕ. ಡೌನ್‌ಲೋಡ್ ಸಮಯ ಅದರಲ್ಲಿ ಸೇರುವುದಿಲ್ಲ. ಆದರೆ ಮೆನುವಿನಲ್ಲಿ ನಿಲ್ಲಿಸಿ ಊಟಕ್ಕೆ ಹೋದ ಹೊತ್ತು ಸೇರುತ್ತದೆ, ಕೆಲವು ದೊಡ್ಡ ಗೇಮುಗಳು ಮೊದಲ ಸಲ ಶೇಡರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂ) ತಯಾರಿಸಿಕೊಳ್ಳುವ ಹೊತ್ತೂ ಸೇರುತ್ತದೆ. ಆದ್ದರಿಂದ ಇದೇ ವಾರ ಆಡುತ್ತೀರಿ ಅಂದರೆ ಮಾತ್ರ ಕೊಳ್ಳಿ, ಒಂದು ಸಲಕ್ಕೆ ಒಂದೇ ಕೊಳ್ಳಿ. ಮೊದಲ ದಿನವೇ ಮುಕ್ಕಾಲು ಗಂಟೆ ಆಡಿ, ಒಮ್ಮೆ ನಡುವೆ ಬಿಟ್ಟುಹೋಗಿ ಮತ್ತೆ ತೆರೆದು ಎಲ್ಲಿಂದ ಶುರುವಾಗುತ್ತದೆ ಎಂದು ಪರೀಕ್ಷಿಸಿ. ಪೂರ್ತಿ ಬೆಲೆಗೆ ಕೊಂಡ ಮರುವಾರವೇ ಸೇಲ್ ಬಂತೇ? ಇದೇ ಮಿತಿಯೊಳಗಿದ್ದರೆ ವಾಪಸು ಮಾಡಿ ಸೇಲಿನ ಬೆಲೆಗೆ ಮತ್ತೆ ಕೊಳ್ಳಲು ಸ್ಟೀಮ್‌ನದೇನೂ ಅಡ್ಡಿಯಿಲ್ಲ, ಅದನ್ನು ದುರುಪಯೋಗ ಎಂದು ಎಣಿಸುವುದಿಲ್ಲ ಎಂದು ಅವರ ನಿಯಮದಲ್ಲೇ ಇದೆ.

ಜಿಒಜಿ ಎಂಬ ಇನ್ನೊಂದು ಗೇಮ್ ಅಂಗಡಿಯಲ್ಲಿ ಈ ಅವಧಿ 30 ದಿನ, ಆಡಿದ್ದರೂ ಕೇಳಬಹುದು. ಅಲ್ಲಿನ ಗೇಮುಗಳಿಗೆ ನಕಲು ತಡೆಯುವ ಬೀಗ ಇಲ್ಲ. ಇನ್‌ಸ್ಟಾಲರ್ ಫೈಲನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ ಇಂಟರ್ನೆಟ್ ಇಲ್ಲದ ಊರಿನ ಮನೆಯಲ್ಲೂ ಹಾಕಿ ಆಡಬಹುದು. ಡಾಲರಿನಲ್ಲಿ ಬೆಲೆ ಹಾಕುವ ಯಾವುದೇ ಅಂಗಡಿಯಲ್ಲಿ ಕಾರ್ಡ್ ಬಳಸುವಾಗ ಎರಡು ವಿಷಯ ಗಮನದಲ್ಲಿರಲಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕ್ ಆ್ಯಪಿನಲ್ಲಿ ನೀವೇ ಆನ್ ಮಾಡಿರಬೇಕು, ಇಲ್ಲದಿದ್ದರೆ ಪಾವತಿ ಬಿದ್ದುಹೋಗುತ್ತದೆ. ಜೊತೆಗೆ ಬಹುತೇಕ ಕಾರ್ಡುಗಳು ಪರಿವರ್ತನೆಗೆ ಶೇ. 2ರಿಂದ 3.5ರಷ್ಟು ಹಾಕಿ, ಅದರ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತವೆ. ಇನ್ನು ಯಾರೋ ಖಾಸಗಿಯವರು ಕೀ (ಗೇಮನ್ನು ಖಾತೆಗೆ ಸೇರಿಸಿಕೊಳ್ಳುವ ಕೋಡ್) ಮಾರುವ ಅಗ್ಗದ ತಾಣಗಳ ಕಡೆ ಹೋಗಲೇಬೇಡಿ. ಕದ್ದ ಕಾರ್ಡಿನಿಂದ ಕೊಂಡ ಕೀ ಆಗಿದ್ದರೆ ಯಾವತ್ತಾದರೂ ರದ್ದಾಗುತ್ತದೆ, ಆಮೇಲೆ ಕೇಳುವವರಿಲ್ಲ.

ಮನೆಯಲ್ಲಿ ಆಡುವವರು ಇಬ್ಬರಿದ್ದರೂ ಸ್ಟೀಮ್ ಫ್ಯಾಮಿಲಿಸ್ ಮಾಡಿಕೊಳ್ಳಿ. ಒಂದೇ ಮನೆಯ ಆರು ಜನರವರೆಗೆ ಸೇರಬಹುದು. ಅಣ್ಣ ಕೊಂಡಿದ್ದನ್ನು ತಂಗಿಯೂ ಆಡಬಹುದು. ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ, ಬೇರೆಬೇರೆ ಗೇಮಾದರೆ ಎಲ್ಲರೂ ಒಟ್ಟಿಗೆ. ಹಂಚಿಕೊಳ್ಳಲು ಬಿಡದ ಗೇಮುಗಳೂ ಇವೆ. ಸೇರಿ ಬಿಟ್ಟುಹೋದ ದೊಡ್ಡವರು ಇನ್ನೊಂದು ಕುಟುಂಬ ಸೇರಬೇಕಾದರೆ ಮೊದಲು ಸೇರಿದ ದಿನದಿಂದ ಒಂದು ವರ್ಷ ಕಾಯಬೇಕು, ಹಾಗಾಗಿ ಗೆಳೆಯರ ಗುಂಪಿಗೆ ಇದು ಹೊಂದುವುದಿಲ್ಲ. ಅಮೆರಿಕದಲ್ಲಿರುವ ಅಕ್ಕ ಮೈಸೂರಿನ ತಮ್ಮನನ್ನು ಸೇರಿಸಿಕೊಳ್ಳಲೂ ಬಾರದು. ಎರಡು ದೇಶಗಳ ಬೆಲೆಯಲ್ಲಿ ಅಂತರ ಹೆಚ್ಚಿದ್ದರೆ ಗೇಮನ್ನು ಉಡುಗೊರೆಯಾಗಿ ಕಳಿಸಲೂ ಅಂಗಡಿ ಒಪ್ಪುವುದಿಲ್ಲ.

ದುಡ್ಡೇ ಬೇಡದ ದಾರಿಯೂ ಇದೆ. ಎಪಿಕ್ ಅಂಗಡಿ ಪ್ರತಿ ಗುರುವಾರ ಉಚಿತ ಗೇಮ್ ಕೊಡುತ್ತದೆ. ನಮ್ಮಲ್ಲಿ ರಾತ್ರಿ 8:30ಕ್ಕೆ, ಅಮೆರಿಕದ ಗಡಿಯಾರ ಬದಲಾಗುವ ಚಳಿಗಾಲದಲ್ಲಿ 9:30ಕ್ಕೆ ಬದಲಾಗುತ್ತದೆ. ವಾರದೊಳಗೆ ಒಮ್ಮೆ ಒತ್ತಿ ತೆಗೆದುಕೊಂಡರೆ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ, ಆಗಲೇ ಡೌನ್‌ಲೋಡ್ ಮಾಡಬೇಕಿಲ್ಲ. ಮುಕ್ತ ತಂತ್ರಾಂಶದಲ್ಲಿ ಬ್ಯಾಟಲ್ ಫಾರ್ ವೆಸ್ನೋತ್ ಇದೆ: ಸರದಿಯ ಮೇಲೆ ನಡೆಯುವ ಯುದ್ಧ, ಎಲ್ಲಿ ಬೇಕಾದರೂ ಸೇವ್, ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಐದೇ ನಿಮಿಷ ಇದ್ದರೆ ಸೈಮನ್ ಟ್ಯಾಥಮ್ ಅವರ ಒಗಟುಗಳ ಸಂಗ್ರಹ. ಸುಮಾರು 40 ಬಗೆ, ಬ್ರೌಸರಿನಲ್ಲೇ ಆಡಬಹುದು, ಜಾಹೀರಾತಿಲ್ಲ.

ಡೌನ್‌ಲೋಡ್ ಲೆಕ್ಕವನ್ನೂ ಮರೆಯಬೇಡಿ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ. 60 ಜಿಬಿಯ ಗೇಮ್ ಇಳಿಯಲು ಮೂರು ಗಂಟೆ ಇಪ್ಪತ್ತು ನಿಮಿಷ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಾದರೆ ಒಂದು ತಿಂಗಳು. ಅರ್ಧ ಗಂಟೆ ಬಿಡುವಾಯಿತೆಂದು ಕೂತಾಗಲೇ ಅಪ್‌ಡೇಟ್ ಶುರುವಾದರೆ ಆ ದಿನದ ಆಟ ಮುಗಿದಂತೆ. ಸ್ಟೀಮಿನ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಪುಟಕ್ಕೆ ಹೋಗಿ ಅಪ್‌ಡೇಟಿನ ವೇಳೆ ನಿಗದಿ ಮಾಡಿ. ಕಂಪ್ಯೂಟರ್ ಆ ಹೊತ್ತಿಗೆ ಆನ್ ಇರಬೇಕು. ಬೆಳಗಿನ ಜಾವ ಅಂತ ಇಟ್ಟು ರಾತ್ರಿ ಆಫ್ ಮಾಡಿದರೆ ಪ್ರಯೋಜನವಿಲ್ಲ, ಮನೆಯಿಂದ ಕೆಲಸ ಮಾಡುವವರು ಹಗಲಿನ ಹೊತ್ತೇ ಇಡಬಹುದು.

ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವ ಒಂದನ್ನು ಹತ್ತಿರದಿಂದ ನೋಡಿ: ಇನ್‌ಟು ದ ಬ್ರೀಚ್, 2018ರದ್ದು. ಎಂಟಕ್ಕೆ ಎಂಟು ಚೌಕದ ಹಲಗೆ, ಚೆಸ್ಸಿನಷ್ಟೇ. ನಿಮ್ಮ ಹತ್ತಿರ ಮೂರು ಯಂತ್ರ, ಸಾಮಾನ್ಯವಾಗಿ ಐದು ಸರದಿಗೆ ಒಂದು ಕಾಳಗ ಮುಗಿಯುತ್ತದೆ. ಶತ್ರು ಮುಂದಿನ ಏಟು ಎಲ್ಲಿಗೆ ಹಾಕುತ್ತಾನೆ ಅಂತ ಮೊದಲೇ ತೋರಿಸಿಬಿಡುತ್ತಾನೆ. ಅವನನ್ನು ಒಂದು ಚೌಕ ಪಕ್ಕಕ್ಕೆ ತಳ್ಳಿದರೆ ಆ ಏಟು ಅವನ ಜೊತೆಗಾರನಿಗೇ ಬೀಳಬಹುದು. ಗಡಿಯಾರದ ಒತ್ತಡ ಇಲ್ಲ. ನಡುವೆ ಎದ್ದುಹೋಗಿ ಅರ್ಧ ಗಂಟೆ ಬಿಟ್ಟು ಬಂದರೂ ಹಲಗೆ ಇದ್ದಂತೆ ಇರುತ್ತದೆ, ನೋಡಿದ ಕೂಡಲೇ ಎಲ್ಲಿದ್ದೆವು ಅನ್ನುವುದು ಗೊತ್ತಾಗುತ್ತದೆ.

ಕಥೆ ಬೇಕೆನ್ನುವವರಿಗೆ ಮೂರು ಗಂಟೆಯ ಪೋರ್ಟಲ್, ನಾಲ್ಕು ಗಂಟೆಯ ಫೈರ್‌ವಾಚ್, ಒಂದೂವರೆ ಗಂಟೆಯ ಎ ಶಾರ್ಟ್ ಹೈಕ್. ಅಷ್ಟೇ ಚಿಕ್ಕದು 2023ರ ವೆಂಬಾ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಅಡುಗೆಮನೆಯ ಕಥೆ, ಮೊದಲ ಒಗಟೇ ಇಡ್ಲಿ: ಅಮ್ಮನ ಹಳೆಯ ಪುಸ್ತಕ ಹರಿದಿದೆ, ಆವಿ ಸರಿಯಾಗಿ ಹಾಯಬೇಕಾದರೆ ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅಂತ ಕಂಡುಹಿಡಿಯಬೇಕು. ನಮ್ಮ ಮನೆಗಳಲ್ಲಿ ಇಡ್ಲಿ ಪಾತ್ರೆ ಮುಟ್ಟಿದವರಿಗೆ ಕೈಯೇ ಹೇಳಿಕೊಡುತ್ತದೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಶುರು ಹಚ್ಚಿಕೊಂಡರೆ ಸಂಜೆ ಕಾಫಿಗೆ ಮೊದಲು ಮುಗಿದಿರುತ್ತದೆ.