ಉರಿಯಲ್ಲ ಅಂದ್ಯಲ್ಲಮ್ಮಾ

"ಉರಿಯಲ್ಲ ಅಂದ್ಯಲ್ಲಮ್ಮಾ?"

ಸೋಮವಾರ ಸಂಜೆ ನನ್ನ ಮಗಳು ಕೇಳಿದ ಮಾತು ಇದು. ಇವತ್ತು ಶುಕ್ರವಾರ, ಇನ್ನೂ ಕಿವಿಯಿಂದ ಹೋಗಿಲ್ಲ. ಅಷ್ಟು ಹೊತ್ತು ಕಿರುಚಿ ಅತ್ತವಳು ಇದೊಂದನ್ನು ಮಾತ್ರ ಮೆಲ್ಲಗೆ ಕೇಳಿದಳು, ನನ್ನ ಮುಖವನ್ನೇ ನೋಡುತ್ತಾ.

ಸೈಕಲ್‌ನಿಂದ ಬಿದ್ದಿದ್ದಳು. ತಿರುವಿನಲ್ಲಿ ಜಲ್ಲಿಪುಡಿ ಇತ್ತು, ಚಕ್ರ ಜಾರಿತು. ಎಡ ಮೊಣಕಾಲು ಅವಳ ಅಂಗೈಯಷ್ಟು ಅಗಲ ತರಚಿತ್ತು. ಆರು ವರ್ಷದ ಮಗುವಿನ ಅಂಗೈ ಎಷ್ಟಿರುತ್ತೆ, ಅಷ್ಟೇ. ಆದರೆ ಕಾಲೂ ಅಷ್ಟೇ ಸಣ್ಣದಲ್ವಾ? ಕಿತ್ತ ಚರ್ಮ ಒಂದು ಕಡೆ ಬೆಳ್ಳಗೆ ಸುರುಳಿ ಸುತ್ತಿಕೊಂಡಿತ್ತು. ಅದರ ಕೆಳಗೆ ಒದ್ದೆ ಕೆಂಪು. ಆ ಕೆಂಪಿನ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ರಕ್ತದ ಹನಿಗಳು, ನಡುನಡುವೆ ಕಪ್ಪು ಮರಳು.

ಶುರುವಿನಲ್ಲಿ ಎಲ್ಲಾ ಸರಿಯಾಗಿಯೇ ಮಾಡಿದೆ. ಮೊದಲು ನನ್ನ ಕೈಗೆ ಸೋಪು ಹಾಕಿ ತೊಳೆದುಕೊಂಡೆ. ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂರಿಸಿ, ನಲ್ಲಿ ನೀರು ಸಣ್ಣಗೆ ಗಾಯದ ಮೇಲೆ ಹರಿಯುವ ಹಾಗೆ ಬಿಟ್ಟೆ. ತಣ್ಣೀರು ತಾಗಿದರೂ ನೋಯುತ್ತೆ. ತರಚಿದ ಗಾಯ ಆಳ ಇರಲ್ಲ, ಆದರೆ ನೋವು ತಿಳಿಯುವ ನರದ ತುದಿಗಳು ಚರ್ಮದ ಮೇಲ್ಭಾಗದಲ್ಲೇ ಒತ್ತಾಗಿ ಇರುತ್ತವೆ. ಅವೆಲ್ಲ ಒಮ್ಮೆಲೇ ಬಯಲಿಗೆ ಬಿದ್ದಿರುತ್ತವೆ. ಅತ್ತಳು, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಐದು ನಿಮಿಷವಾದರೂ ಹಾಗೇ ಬಿಡಬೇಕಿತ್ತು. ಮುಕ್ಕಾಲು ಪಾಲು ಮರಳು ತಾನಾಗಿಯೇ ಹೋಗಿರೋದು. ಅವಳ ಅಳು ನೋಡಲಾಗದೆ ನಾನು ಒಂದೇ ನಿಮಿಷಕ್ಕೆ ನಲ್ಲಿ ನಿಲ್ಲಿಸಿಬಿಟ್ಟೆ.

ಅಷ್ಟರಲ್ಲಿ ನನ್ನ ತಮ್ಮ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿಕೊಂಡು ಬಂದ.

"ಬರೀ ನೀರಲ್ಲಿ ಏನಾಗುತ್ತೆ ಅಕ್ಕ? ಉರಿದ್ರೇನೇ ಕ್ರಿಮಿ ಸಾಯೋದು."

ನನ್ನ ತಮ್ಮ ಒಳ್ಳೆಯವನು. ಸೊಸೆ ಅಂದ್ರೆ ಜೀವ ಬಿಡ್ತಾನೆ. ಆದರೆ ಯಾರಾದರೂ ನೋವಲ್ಲಿದ್ದರೆ ಅವನಿಗೆ ಸುಮ್ನೆ ಇರೋಕೆ ಬರಲ್ಲ. ಏನಾದರೂ ಮಾಡಲೇಬೇಕು, ಮಾಡಿದ್ದು ಕಣ್ಣಿಗೆ ಕಾಣಬೇಕು. ನೀರು ಹರಿಯೋದನ್ನು ನೋಡುತ್ತಾ ಕೂರೋದನ್ನು ಅವನು ಚಿಕಿತ್ಸೆ ಅಂತ ಒಪ್ಪಲ್ಲ.

ಮಗಳು ಹತ್ತಿ ನೋಡಿದಳು. "ಅಮ್ಮಾ, ಅದು ಉರಿಯುತ್ತಾ?"

"ಇಲ್ಲ ಪುಟ್ಟಿ, ಉರಿಯಲ್ಲ."

ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ನನಗೂ ಅದನ್ನೇ ಹಚ್ಚಿದ್ದರು, ಆ ಉರಿ ಮರೆಯುವಂಥದ್ದಲ್ಲ. ಆದರೂ ಬಾಯಿಗೆ ಅದೇ ಬಂತು. ಅವಳು ನಂಬಿದಳು. ನಂಬಿದ್ದರಿಂದಲೇ ಕಾಲು ಸಡಿಲ ಬಿಟ್ಟಳು. ಹತ್ತಿ ತಾಗಿದ ತಕ್ಷಣ ಇಡೀ ಮೈ ಸೆಟೆದುಕೊಂಡಿತು, ಉಸಿರು ಸಿಕ್ಕಿಕೊಂಡು ಆಮೇಲೆ ಚೀರಾಟ ಹೊರಬಂತು. ಅದೆಲ್ಲ ಇಳಿದ ಮೇಲೆ ಕೇಳಿದ್ದು ಆ ಪ್ರಶ್ನೆ.

ರಾತ್ರಿ ಅವಳು ಮಲಗಿದ ಮೇಲೆ ಈ ಸ್ಪಿರಿಟ್ ವಿಷಯ ಹುಡುಕಿ ಓದಿದೆ. ನಮ್ಮ ನರಗಳಲ್ಲಿ ಬಿಸಿ ತಿಳಿಸುವ ಒಂದು ಭಾಗವಿದೆ. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು "ಸುಡ್ತಿದೆ" ಅಂತ ಹೇಳುತ್ತೆ. ಸ್ಪಿರಿಟ್‌ನಲ್ಲಿರುವ ಆಲ್ಕೋಹಾಲ್ ತಾಗಿದರೆ ಆ ಮಿತಿ 34ರ ಆಸುಪಾಸಿಗೆ ಇಳಿಯುತ್ತೆ. ಮೈಯ ಬಿಸಿಯೇ 37. ಅಂದರೆ ಅವಳದೇ ಮೈಯ ಬಿಸಿ ಅವಳನ್ನು ಸುಟ್ಟ ಹಾಗೆ ಅನ್ನಿಸಿದೆ. ನಾವು ಅದಕ್ಕೆ "ಉರಿ" ಅನ್ನೋದು ಎಷ್ಟು ಸರಿಯಾದ ಮಾತು! ನಾನು ಅಲ್ಲಗಳೆದದ್ದು ಅದೇ ಉರಿಯನ್ನು.

ಅಷ್ಟೂ ಉರಿಸಿ ಏನಾದರೂ ಲಾಭವಾಯಿತಾ ಅಂದರೆ ಅದೂ ಇಲ್ಲ. ಸ್ಪಿರಿಟ್ ಕ್ರಿಮಿ ಕೊಲ್ಲುತ್ತೆ ನಿಜ. ಜೊತೆಗೆ ಗಾಯ ಮುಚ್ಚಲು ಬರುವ ಹೊಸ ಜೀವಕೋಶಗಳಿಗೂ ಪೆಟ್ಟು ಕೊಡುತ್ತೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಕಥೆಯೂ ಇದೇ. ತರಚು ಗಾಯಕ್ಕೆ ಮುಖ್ಯವಾಗಿ ಬೇಕಿರೋದು ಕುಡಿಯುವಷ್ಟು ಶುದ್ಧವಾದ ನೀರು, ಅದೂ ಧಾರಾಳವಾಗಿ. ಸೋಪು ಸುತ್ತಲಿನ ಚರ್ಮಕ್ಕೆ ಮಾತ್ರ, ಗಾಯದೊಳಗೆ ಬೇಡ. ಹತ್ತಿಯೂ ಬೇಡ, ಎಳೆ ಅಂಟಿಕೊಳ್ಳುತ್ತೆ. ನಮ್ಮದರಲ್ಲಿ ಅಂಟಿಯೂ ಇತ್ತು.

ಬೆಳಿಗ್ಗೆ ನೋಡಿದರೆ ಎರಡು ಕಪ್ಪು ಹರಳು ಅಲ್ಲೇ ಕೂತಿದ್ದವು. ನೀರಿಗೆ ಬರದ ಹರಳನ್ನು ಮನೆಯಲ್ಲಿ ಕೆದಕುತ್ತಾ ಕೂರೋದು ಬೇಡ ಅಂತ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಡಾಕ್ಟರ್ ನೋಡಿ ನರ್ಸ್‌ಗೆ ಒಪ್ಪಿಸಿದರು. ಆಕೆಗೆ ಐವತ್ತರ ಮೇಲಿರಬಹುದು. ಮೊದಲು ಲಸಿಕೆ ಕಾರ್ಡ್ ಕೇಳಿದರು. ಮಣ್ಣು ಸೇರಿದ ಗಾಯವಾದರೆ ಧನುರ್ವಾಯುವಿನ ಕೊನೆಯ ಡೋಸ್ ಆಗಿ 5 ವರ್ಷ ದಾಟಿದೆಯಾ ಅಂತ ನೋಡಬೇಕಂತೆ. ನಮ್ಮದು ದಾಟಿರಲಿಲ್ಲ. ಆಮೇಲೆ ಸ್ಟೂಲ್ ಎಳೆದುಕೊಂಡು ಮಗಳ ಕಣ್ಣಿನ ಮಟ್ಟಕ್ಕೆ ಕೂತರು.

"ಆಂಟಿ, ಉರಿಯುತ್ತಾ?"

"ಹೂಂ, ಉರಿಯುತ್ತೆ. ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ."

ಮಗಳು ನನ್ನ ಕಡೆ ತಿರುಗಲಿಲ್ಲ. ಆಕೆಯನ್ನೇ ನೋಡಿದಳು, ಕಾಲು ಮುಂದೆ ಚಾಚಿದಳು. ಒದ್ದೆ ಗಾಜ್ ಬಟ್ಟೆಯಿಂದ ಒರೆಸುವಾಗ ಮುಖ ಕಿವುಚಿಕೊಂಡು "ನಿಲ್ಸಿ" ಅಂದಳು. ಆಕೆ ತಕ್ಷಣ ಎರಡೂ ಕೈ ಮೇಲೆತ್ತಿಬಿಟ್ಟರು. ಮಗಳು ನಾಲ್ಕು ಉಸಿರು ತೆಗೆದುಕೊಂಡು "ಸರಿ" ಅಂದಳು. ಚಿಮುಟದಿಂದ ಹರಳು ತೆಗೆಯುವಾಗ ಮತ್ತೊಮ್ಮೆ "ನಿಲ್ಸಿ". ಮತ್ತೆ ಕೈ ಮೇಲೆ. ಎರಡೂ ಹರಳು ಬಂದವು. ಅತ್ತಳು, ಆದರೆ ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ. ಆಕೆ ಮೇಲೆತ್ತಿದ ಆ ಎರಡು ಕೈಗಳು ಈಗಲೂ ಕಣ್ಣ ಮುಂದೆ ಬರುತ್ತವೆ.

ಸಂಜೆ ಬ್ಯಾಂಡೇಜ್ ನೋಡಿ ತಮ್ಮನಿಗೆ ಸಮಾಧಾನವಿಲ್ಲ. "ಗಾಳಿಗೆ ಬಿಟ್ರೆ ಬೇಗ ಒಣಗುತ್ತೆ" ಅಂದ. ಒಣಗಿದರೆ ವಾಸಿಯಾದ ಹಾಗೆ ಅಂತ ನಾವೆಲ್ಲ ನಂಬಿಕೊಂಡೇ ಬೆಳೆದವರು. ಆದರೆ ಹೊಸ ಚರ್ಮ ಹರಡಿಕೊಳ್ಳೋಕೆ ತೇವ ಬೇಕು. 1962ರಲ್ಲೇ ಜಾರ್ಜ್ ವಿಂಟರ್ ಅನ್ನುವ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಕೂಡಿಕೊಳ್ಳುತ್ತೆ ಅಂತ ತೋರಿಸಿದ್ದ. ಹಕ್ಕಳೆ ಕಟ್ಟಿದರೆ ಹೊಸ ಚರ್ಮ ಅದರ ಅಡಿಯಲ್ಲಿ ದಾರಿ ಹುಡುಕಿಕೊಂಡು ಹೋಗಬೇಕು. ಮೊಣಕಾಲಂತೂ ಮಡಚಿದಾಗಲೆಲ್ಲ ಹಕ್ಕಳೆ ಬಿರುಕು ಬಿಟ್ಟು ಮತ್ತೆ ರಕ್ತ. ಅದಕ್ಕೇ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ, ಮೇಲೆ ಅಂಟದ ಪಟ್ಟಿ, ದಿನಕ್ಕೊಮ್ಮೆ ಬದಲಾವಣೆ. ಸುತ್ತ ಕೆಂಪು ಹರಡಿದರೆ, ನೋವು ಕಡಿಮೆಯಾಗುವ ಬದಲು ಜಾಸ್ತಿಯಾದರೆ, ಕೀವು ಅಥವಾ ಜ್ವರ ಬಂದರೆ ಮತ್ತೆ ಬನ್ನಿ ಅಂದಿದ್ದಾರೆ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. "ನನಗೂ ಸ್ಪಿರಿಟ್ಟೇ ಹಾಕಿದ್ರು, ಏನಾಯ್ತು?" ಅಂತ ಲುಂಗಿ ಸ್ವಲ್ಪ ಮೇಲೆತ್ತಿ ಮೊಣಕಾಲು ತೋರಿಸಿದ. ಅಲ್ಲಿ ಒಂದು ನೀಲಿ ಮಚ್ಚೆ ಇದೆ. ಇಷ್ಟು ವರ್ಷ ನೋಡುತ್ತಲೇ ಇದ್ದೇನೆ, ಮೊದಲ ಸಲ ಅರ್ಥವಾಯಿತು. ಅದು ಮಚ್ಚೆಯಲ್ಲ. ಅವತ್ತು ತೊಳೆಯದೆ ಉಳಿದ ಮಣ್ಣು, ಚರ್ಮದೊಳಗೇ ಹಚ್ಚೆಯ ಹಾಗೆ ಕೂತುಬಿಟ್ಟಿದೆ. ಆ ದಿನ ನನಗೆ ನೆನಪಿದೆ. ನಾಲ್ಕು ಜನ ಅವನನ್ನು ಒತ್ತಿ ಹಿಡಿದಿದ್ದರು. "ಏನೂ ಆಗಲ್ಲ, ಏನೂ ಆಗಲ್ಲ" ಅಂತ ಎಲ್ಲರೂ ಹೇಳುತ್ತಿದ್ದರು. ಅವನು ಕಿರುಚುತ್ತಿದ್ದ. ನಾನು ಬಾಗಿಲ ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. ಇದನ್ನು ಹೇಳಿದಾಗ ತಮ್ಮ ಮಾತಾಡಲಿಲ್ಲ. ಆ ಜಾಗವನ್ನು ಬೆರಳಿನಿಂದ ಸವರುತ್ತಾ ಕೂತ.

ಚುಚ್ಚಲ್ಲ, ಕಹಿ ಇಲ್ಲ, ಈಗ ಬಂದೆ, ಒಂದೇ ನಿಮಿಷ. ದಿನಕ್ಕೆ ಎಷ್ಟು ಸಲ ಹೇಳ್ತೀವಿ. ಮಗುವಿಗೆ ಭಯವಾಗಬಾರದು ಅಂತಲೇ ಹೇಳ್ತೀವಿ ಅಂದುಕೊಂಡಿದ್ದೆ. ಸೋಮವಾರ ನಾನು ಹೇಳಿದ್ದು ಅದಕ್ಕಲ್ಲ. ಅವಳು ಬೇಡ ಅನ್ನಬಾರದು, ಕೆಲಸ ಬೇಗ ಮುಗಿಯಬೇಕು, ಅವಳ ಅಳು ನನಗೆ ಕೇಳಬಾರದು, ಅದಕ್ಕೆ. ಅವಳಿಗೆ ನೋವು ತಡೆಯೋ ಶಕ್ತಿ ಇತ್ತು. ನಲ್ಲಿಯ ಕೆಳಗೆ ಕಾಲು ಎಳೆದುಕೊಳ್ಳದೆ ಕೂತಾಗಲೇ ತೋರಿಸಿದ್ದಳು. ನಾನು ನೋಡಲಿಲ್ಲ.

ಮಂಗಳವಾರ ರಾತ್ರಿಯೇ ಅವಳ ಪಕ್ಕ ಮಲಗಿ ಹೇಳಿದೆ. "ನಿನ್ನೆ ಉರಿಯುತ್ತೆ ಅಂತ ನಂಗೊತ್ತಿತ್ತು. ಉರಿಯಲ್ಲ ಅಂತ ಸುಳ್ಳು ಹೇಳಿದೆ. ತಪ್ಪಾಯ್ತು." ಅವಳು ಚಾವಣಿ ನೋಡುತ್ತಾ "ಹೂಂ" ಅಂದಳು, ಅಷ್ಟೇ.

ಇವತ್ತು ಬೆಳಿಗ್ಗೆ ಪಟ್ಟಿ ಒಂದು ಮೂಲೆಯಲ್ಲಿ ಅಂಟಿಕೊಂಡಿತ್ತು. ಉಗುರುಬೆಚ್ಚನೆ ನೀರಲ್ಲಿ ನೆನೆಸಿ ಬಿಡಿಸಿದೆ. ಅಂಚಿನಿಂದ ತಿಳಿಗುಲಾಬಿ ಬಣ್ಣದ ಹೊಸ ಚರ್ಮ ಬಂದಿದೆ, ತೆಳ್ಳಗೆ ಹೊಳೀತಾ ಇದೆ. ತೊಳೆಯೋಕೆ ಸ್ಟೂಲ್ ಮೇಲೆ ಕೂತವಳು ಕೇಳಿದಳು.

"ಉರಿಯುತ್ತಾ?"

"ನಡುವೆ ಸ್ವಲ್ಪ ಹಸಿ ಇದೆ. ಅಲ್ಲಿ ಉರಿಯುತ್ತೆ. ಸುತ್ತ ಇಲ್ಲ."

ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತಾನೇ ಕೈ ಚಾಚಿ ನಲ್ಲಿ ತಿರುಗಿಸಿದಳು.